ಮೊದಲ ಮಳೆಗೆ ಹಳದಿಯಾಗುವ ಗೋಂಕುರು ಕಪ್ಪೆ

ಮುಂಗಾರಿನ ದೊಡ್ಡ ಮಳೆ ಬಿದ್ದ ಮರುದಿನ ಸೊರಬ, ಶಿಕಾರಿಪುರದ ಗದ್ದೆ ಬಯಲಿಗೆ ಹೋದರೆ ನಿಂತ ನೀರಿನಲ್ಲಿ ನಿಂಬೆಹಳದಿ ಕಪ್ಪೆಗಳು ಒಂದರ ಮೇಲೊಂದು ಎಗರಿ ಗುದ್ದಾಡುತ್ತಿರುತ್ತವೆ. ಗಂಟಲಿನ ಎರಡೂ ಬದಿಗೆ ಕಡುನೀಲಿ ಚೀಲಗಳು ಉಬ್ಬಿ ಇಳಿಯುತ್ತವೆ. ವಿಷದ ಕಪ್ಪೆ ಬಂದಿದೆ ಎಂದು ವಿಡಿಯೊ ಮಾಡಿ ಹಂಚುವವರೂ ಇದ್ದಾರೆ. ವಿಷವೂ ಇಲ್ಲ, ವಿಶೇಷವೂ ಇಲ್ಲ. ಉಳಿದ ದಿನ ಕೆಸರಿನ ಬಣ್ಣದಲ್ಲೇ ಕೆರೆಯಂಚಿನಲ್ಲಿ ಕೂತಿರುವ ಗೋಂಕುರು ಕಪ್ಪೆಯ ಗಂಡೇ ಇದು. ಹೆಣ್ಣನ್ನು ಕರೆಯುವ ಕೆಲವೇ ದಿನಗಳಿಗೆ ಈ ವೇಷ, ಆಮೇಲೆ ಮತ್ತೆ ಕಂದು. ವಿಜ್ಞಾನಿಗಳು ಇದನ್ನು ಹಾಪ್ಲೊಬಟ್ರಾಕಸ್ ಟೈಗರಿನಸ್ ಎನ್ನುತ್ತಾರೆ. 1802ರಲ್ಲೇ ದೋದಾಂ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ದಾಖಲಿಸಿದ್ದ.

ಉಭಯಚರ ಎಂದೊಡನೆ ಪಠ್ಯಪುಸ್ತಕ ಸಾಲಮಾಂಡರ್ ಚಿತ್ರ ತೋರಿಸುತ್ತದೆ. ಅದನ್ನು ನೋಡಲು ಡಾರ್ಜಿಲಿಂಗ್ ಕಡೆಗೇ ಹೋಗಬೇಕು, ಪಶ್ಚಿಮಘಟ್ಟದಲ್ಲಿ ಅದಿಲ್ಲ. ಆದರೆ ಎರಡರ ಬಾಲ್ಯವನ್ನು ಪಕ್ಕಪಕ್ಕ ಇಟ್ಟು ನೋಡುವುದು ಸ್ವಾರಸ್ಯಕರ. ಸಾಲಮಾಂಡರ್ ಮರಿಗೆ ಮೊದಲು ಮುಂಗಾಲು ಕಾಣುತ್ತದೆ, ಬಾಲ ಕೊನೆತನಕ ಉಳಿಯುತ್ತದೆ. ನಮ್ಮ ಗೊದಮೊಟ್ಟೆಗೆ ಮೊದಲು ಹಿಂಗಾಲು. ಬಾಲ ಉದುರುವುದೂ ಇಲ್ಲ, ಮೈಯೊಳಗೇ ಕರಗುತ್ತದೆ. ಬಾಯಿ, ಕರುಳು ಹೊಸದಾಗಿ ರೂಪುಗೊಳ್ಳುವ ಆ ದಿನಗಳಲ್ಲಿ ಮರಿ ಏನೂ ತಿನ್ನುವಂತಿಲ್ಲ, ಕರಗುವ ಬಾಲವೇ ಅದಕ್ಕೆ ಬುತ್ತಿ. ಇಷ್ಟೆಲ್ಲ ನಡೆಸುವುದು ಥೈರಾಯ್ಡ್ ಹಾರ್ಮೋನು.

ತುಂಬಿದ ಕೆರೆ ಪಕ್ಕದಲ್ಲೇ ಇದ್ದರೂ ಗೋಂಕುರು ಕಪ್ಪೆ ಮೊಟ್ಟೆಯಿಡುವುದು ಹೆಚ್ಚಾಗಿ ಗದ್ದೆಯ ಮೂಲೆ, ರಸ್ತೆ ಬದಿಯ ಗುಂಡಿಯಂಥ ಕಡೆ. ಹೊಸ ನೀರಿನಲ್ಲಿ ಮೀನಿಲ್ಲ ಎಂಬುದೇ ಕಾರಣ. ಆದರೆ ಆ ನೀರು ಯಾವಾಗ ಬತ್ತುತ್ತದೋ ಹೇಳಲಾಗದು. ಹಾಗಾಗಿ ಮರಿಗಳಿಗೆ ವಿಪರೀತ ಅವಸರ. ಪಾಚಿ ಮೇಯುತ್ತ ಕೂರುವ ಸಾಧು ಗೊದಮೊಟ್ಟೆಗಳಲ್ಲ ಇವು. ಗಟ್ಟಿ ಕೊಕ್ಕಿನಂಥ ದವಡೆಯಿಂದ ಬೇರೆ ಜಾತಿಯ ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತವೆ. ಅವು ಮುಗಿದರೆ ಒಡಹುಟ್ಟಿದವರನ್ನೂ ಬಿಡುವುದಿಲ್ಲ. ಸಾವಿರಾರು ಮೊಟ್ಟೆಗಳಲ್ಲಿ ಕಪ್ಪೆಯಾಗಿ ದಡ ಹತ್ತುವವು ಬೆರಳೆಣಿಕೆಯಷ್ಟು. ಅಂಡಮಾನಿಗೆ ಮನುಷ್ಯರ ಮೂಲಕ ತಲುಪಿದ ಈ ಕಪ್ಪೆ ಅಲ್ಲಿನ ಜೀವಿಗಳಿಗೆ ಕಂಟಕವಾಗಿರುವುದಕ್ಕೆ ಈ ಹೊಟ್ಟೆಬಾಕತನವೂ ಒಂದು ಕಾರಣ.

ಬೆಳೆದ ಮೇಲೂ ಬಾಯಿಗೆ ಹಿಡಿಸುವ ಯಾವುದನ್ನೂ ಬಿಡದು: ಕೀಟ, ಏಡಿ, ಇಲಿಮರಿ, ಚಿಕ್ಕ ಹಾವು, ಚಿಕ್ಕ ಕಪ್ಪೆ. ಬೇಸಿಗೆಯಲ್ಲಿ ಮಣ್ಣಿನಡಿ ಸೇರಿ ಮಳೆಗೆ ಕಾಯುತ್ತದೆ. ಒಂದು ಕಾಲಕ್ಕೆ ಈ ಕಪ್ಪೆಯ ಕಾಲುಗಳು ಯುರೋಪ್, ಅಮೆರಿಕದ ಹೋಟೆಲುಗಳಿಗೆ ಟನ್ನುಗಟ್ಟಲೆ ಹೋದವು. ಕೊನೆಗೆ 1987ರಲ್ಲಿ ಭಾರತ ಆ ರಫ್ತನ್ನು ನಿಷೇಧಿಸಿತು.

ಈಗ ಹಿಡಿಯುವವರಿಗಿಂತ ಜಮೀನು ಬದಲಾಗುತ್ತಿರುವುದೇ ಇದಕ್ಕೆ ದೊಡ್ಡ ತೊಂದರೆ ಎಂಬುದು ನನ್ನ ಅಭಿಪ್ರಾಯ. ಭತ್ತದ ಗದ್ದೆಗಳು ಅಡಿಕೆ, ಶುಂಠಿ, ಮೆಕ್ಕೆಜೋಳಕ್ಕೆ ತಿರುಗಿವೆ. ಇವಕ್ಕೆ ನೀರು ನಿಲ್ಲುವುದೇ ಆಗದು, ಬಸಿಗಾಲುವೆ ತೆಗೆದು ಹೊರಹಾಕುತ್ತಾರೆ. ಬೆಳೆ ಬದಲಿಸಬೇಡಿ ಎಂದು ರೈತರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಜಮೀನಿನ ತಗ್ಗು ಮೂಲೆಯಲ್ಲಿ ಮಳೆನೀರು ನಿಲ್ಲುವ ಒಂದು ಗುಂಡಿಯನ್ನಾದರೂ ಮುಚ್ಚದೆ ಬಿಡಿ. ಗೊದಮೊಟ್ಟೆಗಳು ದಡ ಹತ್ತುವ ತನಕ ಅದರ ಅಂಚಿಗೆ ಕಳೆನಾಶಕ ಹೊಡೆಯಬೇಡಿ.