ಒಂದು ಸಾಲಿನ ಕಥೆ, ನೂರೆಂಟು ಸಲಹೆ

ಎರಡೂವರೆ ಗಂಟೆಯ ಸಿನಿಮಾದ ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವೇ? ಹಾಲಿವುಡ್‌ನಲ್ಲಿ ಚಿತ್ರಕಥೆ ಮಾರಲು ಹೊರಟವರಿಗೆ ಇದು ಮೊದಲ ಪರೀಕ್ಷೆ. ಆ ವಾಕ್ಯಕ್ಕೆ ಅಲ್ಲಿ ‘ಲಾಗ್‌ಲೈನ್’ ಎಂದು ಹೆಸರು. ನಮ್ಮ ಗಾಂಧಿನಗರದ ‘ಒನ್‌ಲೈನ್’ ಅದಕ್ಕೆ ಹತ್ತಿರದ ಮಾತು. ನಾಯಕ ಯಾರು, ಅವನಿಗೆ ಬೇಕಾದದ್ದೇನು, ಅಡ್ಡಿ ಯಾವುದು, ಸೋತರೆ ಆಗುವ ನಷ್ಟವೇನು ಎಂಬ ನಾಲ್ಕು ಸಂಗತಿಗಳು ಅದರಲ್ಲಿರಬೇಕು. ರಾಶಿ ಬಿದ್ದ ಹಸ್ತಪ್ರತಿಗಳಲ್ಲಿ ಯಾವುದನ್ನು ತೆರೆದು ಓದಬೇಕೆಂದು ನಿರ್ಮಾಪಕ ನಿರ್ಧರಿಸುವುದು ಬಹಳ ಸಲ ಈ ಸಾಲನ್ನು ನೋಡಿಯೇ.

ಸಾಲು ಬರೆಯುವುದಕ್ಕಿಂತ ಕಷ್ಟವಾದದ್ದು, ಅದನ್ನು ಕೇಳಿದವರು ಕೊಡುವ ಸಲಹೆಗಳನ್ನು ನಿಭಾಯಿಸುವುದು. ‘ಬ್ಯಾಕ್ ಟು ದಿ ಫ್ಯೂಚರ್’ ಇದಕ್ಕೆ ಒಳ್ಳೆಯ ಉದಾಹರಣೆ.

1980ರಲ್ಲಿ ಲೇಖಕ ಬಾಬ್ ಗೇಲ್ ತಮ್ಮ ತಂದೆಯ ಹೈಸ್ಕೂಲಿನ ವಾರ್ಷಿಕ ಸಂಚಿಕೆಯನ್ನು ತಿರುವಿಹಾಕುತ್ತಿದ್ದರು. ಒಂದೇ ಶಾಲೆಯಲ್ಲಿ ಓದಿದ್ದರೆ ತಾನೂ ಅಪ್ಪನೂ ಸ್ನೇಹಿತರಾಗುತ್ತಿದ್ದೆವೇ ಎಂಬ ಪ್ರಶ್ನೆ ಮೂಡಿತು. ನಿರ್ದೇಶಕ ರಾಬರ್ಟ್ ಜೆಮೆಕಿಸ್ ಜೊತೆ ಸೇರಿ ಅದನ್ನು ಕಥೆಯಾಗಿಸಿದರು. ಒಂದು ಸಾಲಿಗೆ ಇಳಿಸಿದರೆ ಅದು ಹೀಗಿರುತ್ತದೆ: ‘ಆಕಸ್ಮಿಕವಾಗಿ 1955ಕ್ಕೆ ಹೋಗಿಬಿದ್ದ ಹುಡುಗ, ತನ್ನನ್ನೇ ಮೆಚ್ಚಿಕೊಂಡ ಭಾವೀ ತಾಯಿಯನ್ನು ಭಾವೀ ತಂದೆಯೊಡನೆ ಒಂದುಗೂಡಿಸದಿದ್ದರೆ ತಾನು ಹುಟ್ಟುವುದೇ ಇಲ್ಲ.’

ಕಥೆ ನಲವತ್ತಕ್ಕೂ ಹೆಚ್ಚು ಸಲ ತಿರಸ್ಕೃತವಾಯಿತು ಎನ್ನುತ್ತಾರೆ ಗೇಲ್. ಯುವಕರನ್ನು ಸೆಳೆಯುವಷ್ಟು ಪೋಲಿತನ ಇದರಲ್ಲಿಲ್ಲ, ಡಿಸ್ನಿಗೆ ಒಯ್ಯಿರಿ ಎಂದರು ಕೆಲವರು. ತಾಯಿ ಮಗನನ್ನೇ ಮೋಹಿಸುವ ಕಥೆ ನಮಗೆ ಬೇಡವೆಂದಿತು ಡಿಸ್ನಿ. ಇಬ್ಬರ ಮಾತನ್ನೂ ನಡೆಸುವುದು ಸಾಧ್ಯವಿರಲಿಲ್ಲ. ಲೇಖಕರು ಕಥೆಯ ಬೇರನ್ನು ಅಲುಗಿಸಲಿಲ್ಲ.

ಹಾಗೆಂದು ಅವರು ಹಟ ಹಿಡಿದು ಕೂರಲೂ ಇಲ್ಲ. ಮೊದಲಿಗೆ ಫ್ರಿಜ್ ಆಗಿದ್ದ ಕಾಲಯಂತ್ರ ಕಾರಾಯಿತು. ಮಕ್ಕಳು ಸಿನಿಮಾ ನೋಡಿ ಫ್ರಿಜ್‌ನೊಳಗೆ ಹೊಕ್ಕಾರೆಂಬ ಆತಂಕ ಅದಕ್ಕೊಂದು ಕಾರಣ. ಅಣುಬಾಂಬ್ ಪರೀಕ್ಷೆಯ ಸ್ಥಳದಲ್ಲಿ ನಡೆಯಬೇಕಿದ್ದ ಕೊನೆಯ ದೃಶ್ಯ ದುಬಾರಿಯೆನಿಸಿದಾಗ ಗಡಿಯಾರದ ಗೋಪುರ, ಸಿಡಿಲು ಬಂದವು. ಯೂನಿವರ್ಸಲ್‌ನ ಸಿಡ್ನಿ ಶೈನ್‌ಬರ್ಗ್ ಹೇಳಿದಂತೆ ತಾಯಿಯ ಹೆಸರು ಬದಲಾಯಿತು, ವಿಜ್ಞಾನಿಯ ಚಿಂಪಾಂಜಿ ನಾಯಿಯಾಯಿತು. ಆದರೆ ಶೀರ್ಷಿಕೆಯನ್ನು ‘ಪ್ಲೂಟೊದಿಂದ ಬಂದ ಬಾಹ್ಯಾಕಾಶ ಮಾನವ’ ಎಂಬರ್ಥ ಬರುವಂತೆ ಬದಲಿಸಿ ಎಂಬ ಅವರ ಸಲಹೆ ಮಾತ್ರ ನಡೆಯಲಿಲ್ಲ. ನಿಮ್ಮ ಹಾಸ್ಯವನ್ನು ಕಂಡು ಎಲ್ಲರೂ ನಕ್ಕೆವು ಎಂಬರ್ಥದ ಉತ್ತರ ಬರೆದು ಸ್ಟೀವನ್ ಸ್ಪಿಲ್‌ಬರ್ಗ್ ಅದನ್ನು ತಪ್ಪಿಸಿದರು. 1985ರಲ್ಲಿ ತೆರೆಕಂಡ ಚಿತ್ರ ಆ ವರ್ಷ ಅತಿಹೆಚ್ಚು ಹಣ ಗಳಿಸಿತು.

ಒಪ್ಪಿದ ಸಲಹೆಗಳಲ್ಲಿ ಯಾವುದೂ ಮೇಲಿನ ಆ ಒಂದು ಸಾಲನ್ನು ಮುಟ್ಟುವುದಿಲ್ಲ ಎಂಬುದನ್ನು ಗಮನಿಸಬೇಕು. ತಾಯಿಯ ಮೋಹವನ್ನು ತೆಗೆದಿದ್ದರೆ ಉಳಿಯುತ್ತಿದ್ದದ್ದು ಬೇರೆಯೇ ಕಥೆ. ಹಾಗಾಗಿ ಲಾಗ್‌ಲೈನ್ ಮಾರಾಟದ ಚೀಟಿಯಷ್ಟೇ ಅಲ್ಲ, ಬರೆಯುವವನ ಕೈಯಲ್ಲಿರುವ ಅಳತೆಗೋಲೂ ಹೌದು. ಕೇಳಿದ ಹತ್ತು ಜನರೂ ಒಂದೇ ಕಡೆ ಎಡವಿದರೆ ಸಾಲನ್ನು ತಿದ್ದಬೇಕು. ಹತ್ತು ಜನ ಹತ್ತು ದಿಕ್ಕು ತೋರಿಸಿದರೆ ಮತ್ತೊಮ್ಮೆ ಆ ಸಾಲನ್ನೇ ಓದಿಕೊಳ್ಳಬೇಕು.