ಮಾನವಶಾಸ್ತ್ರದ ವ್ಯಾಸಂಗ ಮತ್ತು ಉದ್ಯೋಗಾವಕಾಶ: ಕಾರವಾರ, ಅಂಕೋಲೆಗಳ ನಿದರ್ಶನ

ಮಾನವಶಾಸ್ತ್ರವನ್ನು ವ್ಯಾಸಂಗ ಮಾಡಿದವರಿಗೆ ಮುಂದೆ ದೊರೆಯುವ ಉದ್ಯೋಗವೇನೆಂದು ವಿದ್ಯಾರ್ಥಿಗಳೂ ಅವರ ಪಾಲಕರೂ ಕೇಳುವುದು ಸಹಜ. ಶಾಸ್ತ್ರದ ಹೆಸರನ್ನೇ ಹೊತ್ತ ಹುದ್ದೆಗಳು ವಿರಳವೆಂಬುದನ್ನು ಒಪ್ಪಲೇಬೇಕು. ಆದರೆ ಆ ಶಾಸ್ತ್ರವು ಕಲಿಸುವ ಕೆಲಸದ ಅಗತ್ಯವು ವಿರಳವಲ್ಲ. ಕಾರವಾರ ಮತ್ತು ಅಂಕೋಲೆ ತಾಲ್ಲೂಕುಗಳನ್ನು ಅವಲೋಕಿಸಿದರೆ ಈ ಮಾತು ಮನವರಿಕೆಯಾಗುವುದು.

ಅಂಕೋಲೆ ತಾಲ್ಲೂಕಿನ ಹಾರವಾಡ ಮೊದಲಾದ ಊರುಗಳು ಕಡಲಿಗೂ ಕಾಡುಗುಡ್ಡಗಳಿಗೂ ನಡುವೆ ಇವೆ. ಈ ಪ್ರದೇಶದಲ್ಲಿ ಹರಿಕಂತ್ರ, ಖಾರ್ವಿ ಮೊದಲಾದ ಮೀನುಗಾರರೂ, ಹಾಲಕ್ಕಿ ಒಕ್ಕಲಿಗರೂ ನೆಲೆಸಿರುವರು. ಇವರು ಅನುಭವಿಸುತ್ತ ಬಂದಿರುವ ಹಕ್ಕುಗಳಲ್ಲಿ ಅನೇಕವು ರೂಢಿಯಿಂದ ಬಂದವು. ಕಂದಾಯದ ದಫ್ತರಗಳಲ್ಲಿ ಅವು ಎಲ್ಲವೂ ದೊರೆಯಲಾರವು. ರೂಢಿಯನ್ನು ವಿಚಾರಿಸಿ, ಪರೀಕ್ಷಿಸಿ, ದಾಖಲೆಯಾಗಿಸುವುದೇ ಮಾನವಶಾಸ್ತ್ರಜ್ಞನ ಕಸುಬು.

೨೦೦೬ರ ಅರಣ್ಯಹಕ್ಕು ಕಾಯಿದೆಯನ್ನು ನೋಡಬಹುದು. ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರದ ಅರಣ್ಯವಾಸಿಗಳು, ೨೦೦೫ರ ಡಿಸೆಂಬರ್ ೧೩ಕ್ಕೆ ಹಿಂದಿನ ಮೂರು ತಲೆಮಾರುಗಳಿಂದ, ಎಂದರೆ ೭೫ ವರ್ಷಗಳಿಂದ, ತಾವು ಅಲ್ಲಿ ವಾಸವಾಗಿರುವುದನ್ನು ತೋರಿಸಬೇಕು. ಹಾಲಕ್ಕಿಗಳಿಗೂ ಈ ನಿಬಂಧನೆ ಅನ್ವಯಿಸುತ್ತದೆ. ನಿಯಮಗಳ ಪ್ರಕಾರ ವಂಶಾವಳಿ, ಹಿರಿಯರ ಲಿಖಿತ ಹೇಳಿಕೆ, ಬಾವಿ, ಸ್ಮಶಾನ, ದೇವರ ನೆಲೆ, ಸಂಶೋಧನ ಸಂಸ್ಥೆಗಳ ಅಧ್ಯಯನ ಇವೆಲ್ಲವೂ ಸಾಕ್ಷ್ಯವಾಗಬಲ್ಲವು. ವಂಶಾವಳಿಯನ್ನು ಬರೆದುಕೊಳ್ಳುವುದು ನಮ್ಮ ವಿದ್ಯಾರ್ಥಿಯ ಮೊದಲ ಪಾಠ. ಅದನ್ನು ಅಜಾಗರೂಕತೆಯಿಂದ ಬರೆದರೆ ಒಂದು ಕುಟುಂಬವು ತನ್ನ ನೆಲವನ್ನೇ ಕಳೆದುಕೊಳ್ಳಬಹುದು.

ಕಡಲಂಚಿನಲ್ಲಿಯೂ ಇದೇ ಸಂಗತಿ. ೧೯೮೬ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಇಲ್ಲಿಯ ಅನೇಕ ಗ್ರಾಮಗಳ ಜನರು ನೆಲೆ ಬಿಡಬೇಕಾಯಿತು. ಜಮೀನಿನ ಬೆಲೆಯನ್ನು ಎಣಿಸಬಹುದು. ದೋಣಿ ಎಳೆಯುವ ದಂಡೆ, ರಂಪಣಿ ಬಲೆಯ ಪಾಲು, ಮೀನು ಒಣಗಿಸುವ ಮರಳು, ಮೀನು ಮಾರುವ ಹೆಂಗಸರ ವಾಡಿಕೆಯ ಮನೆಗಳು ಇವುಗಳನ್ನು ಎಣಿಸುವವರು ಯಾರು? ೨೦೧೩ರ ಭೂಸ್ವಾಧೀನ ಕಾಯಿದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ವಿಧಿಸಿ, ನೀರನ್ನು ನಂಬಿದ ಮೀನುಗಾರರನ್ನೂ ಬಾಧಿತ ಕುಟುಂಬಗಳಲ್ಲಿ ಸೇರಿಸಿದೆ. ಇಂತಹ ಅಧ್ಯಯನತಂಡಗಳಲ್ಲಿ ನಮ್ಮ ಪದವೀಧರರಿಗೆ ಸ್ಥಾನವುಂಟು.

ಇನ್ನು ಖಾಯಂ ಹುದ್ದೆಗಳ ವಿಚಾರ. ೧೯೪೫ರಲ್ಲಿ ಸ್ಥಾಪಿತವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರವು ಮೈಸೂರಿನಲ್ಲಿದೆ. ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ಇದೆ. ಒಂದು ಸಮುದಾಯವನ್ನು ಪರಿಶಿಷ್ಟ ಪಂಗಡಗಳಿಗೆ ಸೇರಿಸಬೇಕೆಂಬ ಬೇಡಿಕೆ ಬಂದಾಗ ಕುಲಶಾಸ್ತ್ರೀಯ ವರದಿಯು ಅವಶ್ಯವಾಗುತ್ತದೆ. ಉತ್ತರ ಕನ್ನಡದ ಸಿದ್ದಿಗಳು ೨೦೦೩ರಲ್ಲಿ ಆ ಪಟ್ಟಿಗೆ ಸೇರಿದರು. ಹಾಲಕ್ಕಿಗಳ ಬೇಡಿಕೆಯೂ ಬಹುಕಾಲದ್ದು. ವಸ್ತುಸಂಗ್ರಹಾಲಯಗಳು, ಸಾರ್ವಜನಿಕ ಆರೋಗ್ಯದ ಸಮೀಕ್ಷೆಗಳು, ಕಾಲೇಜುಗಳ ಅಧ್ಯಾಪನ ಇವು ಇತರ ಮಾರ್ಗಗಳು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮಾನವಶಾಸ್ತ್ರವು ಐಚ್ಛಿಕ ವಿಷಯವಾಗಿದೆ.

ಆದರೆ ಪದವಿಯೊಂದೇ ಸಾಲದು. ಕನ್ನಡದೊಡನೆ ಕೊಂಕಣಿಯನ್ನು ಬಲ್ಲವನು ಈ ಕರಾವಳಿಯಲ್ಲಿ ಹೆಚ್ಚು ಕೇಳಿ ತಿಳಿಯಬಲ್ಲನು. ಸಂಖ್ಯಾಶಾಸ್ತ್ರ, ನಕ್ಷೆ ತಯಾರಿಕೆ, ಭೂಕಾಯಿದೆ ಇವುಗಳ ಪರಿಚಯವಿರಬೇಕು. ತಾತ್ಕಾಲಿಕ ಯೋಜನೆಗಳಲ್ಲಿ ಕೆಲವು ವರ್ಷ ದುಡಿಯುವ ಸಿದ್ಧತೆಯೂ ಬೇಕು. ಇವುಗಳನ್ನು ವ್ಯಾಸಂಗಕಾಲದಲ್ಲಿಯೇ ಸಂಪಾದಿಸಿಕೊಂಡ ವಿದ್ಯಾರ್ಥಿಗೆ ಉದ್ಯೋಗವು ಅಸಾಧ್ಯವಲ್ಲ. ಅವನ ಟಿಪ್ಪಣಿಪುಸ್ತಕದಿಂದ ಇತರರ ಬದುಕಿಗೆ ಆಧಾರವೂ ದೊರೆತೀತು.