ಒಂದು ಯಂತ್ರದಲ್ಲಿ ಹಲವು ಯಂತ್ರಗಳು: ದತ್ತಾಂಶ ಕೇಂದ್ರಗಳ ನಿರ್ವಹಣೆ

ಮನೆಯಲ್ಲಿ ಕುಳಿತು ದೂರದೂರಿನ ರೈಲ್ವೆ ಟಿಕೆಟನ್ನು ಕಾದಿರಿಸುವ ಗೃಹಸ್ಥನಾಗಲಿ, ಬ್ಯಾಂಕಿನ ಖಾತೆಯಿಂದ ಮಗಳ ಶುಲ್ಕವನ್ನು ಸಲ್ಲಿಸುವ ತಾಯಿಯಾಗಲಿ ತಮ್ಮ ಕಾರ್ಯವು ನಡೆಯುವ ಸ್ಥಳವನ್ನು ಕಂಡವರಲ್ಲ. ಕೈಯಲ್ಲಿರುವ ಪುಟ್ಟ ಸಾಧನವು ಬಾಗಿಲು ಮಾತ್ರ. ಮನೆ ಬೇರೆಡೆ ಇದೆ. ಆ ಮನೆಯೇ ದತ್ತಾಂಶ ಕೇಂದ್ರ. ಬಳಕೆಯ ಮಾತಿನಲ್ಲಿ ಡೇಟಾ ಸೆಂಟರ್. ಬ್ಯಾಂಕು, ಕಾರ್ಖಾನೆ, ವಿಮಾ ಸಂಸ್ಥೆ ಮೊದಲಾದವುಗಳ ಗಣಕ ವಿಭಾಗಗಳು ಇಂತಹ ಕೇಂದ್ರಗಳನ್ನು ತಾವೇ ನಡೆಸುತ್ತವೆ, ಇಲ್ಲವೆ ಬಾಡಿಗೆಗೆ ಪಡೆಯುತ್ತವೆ. ಇವು ಹೇಗೆ ನಡೆಯುತ್ತವೆ, ನಡೆಸುವವರು ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಸ್ಥೂಲವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಟ್ಟಡದ ಒಳಗೆ

ದತ್ತಾಂಶ ಕೇಂದ್ರದೊಳಗೆ ಎತ್ತರದ ಕಬ್ಬಿಣದ ಚೌಕಟ್ಟುಗಳಲ್ಲಿ ಸರ್ವರ್ ಎಂಬ ಗಣಕಗಳನ್ನು ಒಂದರ ಮೇಲೊಂದರಂತೆ ಜೋಡಿಸಿರುತ್ತಾರೆ. ವಿದ್ಯುತ್ತು ಕಡಿದುಹೋದ ಕ್ಷಣದಲ್ಲಿ ಬ್ಯಾಟರಿಗಳೂ, ಅನಂತರ ಡೀಸೆಲ್ ಜನರೇಟರುಗಳೂ ಆಸರೆಯಾಗುತ್ತವೆ. ಗಣಕವು ಸೇವಿಸಿದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿ ಹೊರಬೀಳುವುದರಿಂದ ಅದನ್ನು ಸತತವಾಗಿ ಹೊರಸಾಗಿಸಬೇಕು. ಯಂತ್ರಗಳೊಳಗೆ ಹೋಗುವ ಗಾಳಿಯು ಸಾಮಾನ್ಯವಾಗಿ 18ರಿಂದ 27 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರುವುದು ಉಚಿತವೆಂದು ತಜ್ಞರ ಅಭಿಮತ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಒಟ್ಟು ವಿದ್ಯುತ್ ಬಳಕೆಯಲ್ಲಿ ಸುಮಾರು ಶೇಕಡ 1.5ರಷ್ಟು ಇಂತಹ ಕೇಂದ್ರಗಳಿಗೇ ವ್ಯಯವಾಯಿತು. ಮಿತವ್ಯಯದ ಪ್ರಶ್ನೆಯು ಇಲ್ಲಿ ಎಷ್ಟು ಮುಖ್ಯವೆಂಬುದು ಇದರಿಂದ ವಿದಿತವಾಗುತ್ತದೆ.

ಹಿಂದೆ ಒಂದು ಕಾರ್ಯಕ್ಕೆ ಒಂದು ಸರ್ವರ್ ಎಂಬ ಪದ್ಧತಿ ರೂಢಿಯಲ್ಲಿತ್ತು. ಸಂಬಳದ ಲೆಕ್ಕಕ್ಕೆ ಒಂದು, ಅಂಚೆಗೆ ಒಂದು, ಉಗ್ರಾಣದ ಲೆಕ್ಕಕ್ಕೆ ಮತ್ತೊಂದು. ಒಂದು ತಂತ್ರಾಂಶವು ಕೆಟ್ಟರೆ ಇನ್ನೊಂದನ್ನೂ ಕೆಡಿಸದಿರಲಿ ಎಂಬ ಎಚ್ಚರಿಕೆಯೇ ಇದಕ್ಕೆ ಕಾರಣ. ಆದರೆ ಸಂಬಳದ ಯಂತ್ರಕ್ಕೆ ತಿಂಗಳ ಕೊನೆಯಲ್ಲಿ ಮಾತ್ರ ದುಡಿಮೆ. ಉಳಿದ ದಿನಗಳಲ್ಲಿ ಅದು ಬಹುಮಟ್ಟಿಗೆ ಸುಮ್ಮನಿದ್ದು ವಿದ್ಯುತ್ತನ್ನು ಮಾತ್ರ ಸೇವಿಸುತ್ತಿತ್ತು.

ಹಂಚಿಕೆಯ ಉಪಾಯ

ಶಾಲೆಯ ದೃಷ್ಟಾಂತದಿಂದ ಪರಿಹಾರವು ಸುಲಭವಾಗಿ ತಿಳಿಯುವುದು. ಪ್ರತಿಯೊಂದು ತರಗತಿಗೂ ಪ್ರತ್ಯೇಕ ಪ್ರಯೋಗಾಲಯವನ್ನು ಕಟ್ಟಿಸುವ ಶಾಲೆ ಎಲ್ಲಿಯೂ ಇಲ್ಲ. ಇರುವ ಒಂದನ್ನೇ ಮುಖ್ಯೋಪಾಧ್ಯಾಯರು ವೇಳಾಪಟ್ಟಿಯ ಮೂಲಕ ಹಂಚುತ್ತಾರೆ. ಇದೇ ರೀತಿ ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ತಂತ್ರಾಂಶವು ಒಂದು ಸರ್ವರಿನ ಸಂಸ್ಕಾರಕದ ಕಾಲವನ್ನು ಅತಿ ಸೂಕ್ಷ್ಮ ಅವಧಿಗಳಾಗಿ ಸೀಳಿ, ಸ್ಮೃತಿಯನ್ನು ಪಾಲು ಮಾಡಿ, ಹಲವು ಕಲ್ಪಿತ ಗಣಕಗಳಿಗೆ ಹಂಚುತ್ತದೆ. ವರ್ಚುವಲ್ ಮೆಷಿನ್ ಎಂದು ಕರೆಯುವುದು ಈ ಕಲ್ಪಿತ ಗಣಕಗಳನ್ನೇ. ಇವುಗಳಲ್ಲಿ ಪ್ರತಿಯೊಂದೂ ಇಡೀ ಯಂತ್ರವು ತನ್ನದೇ ಎಂಬಂತೆ ವರ್ತಿಸುತ್ತದೆ. ಪಕ್ಕದ ಕಲ್ಪಿತ ಗಣಕವು ಅದರ ಕಣ್ಣಿಗೆ ಬೀಳದು.

ಈ ವಿಚಾರವು ತೀರ ಹೊಸದೇನೂ ಅಲ್ಲ. ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ 1960ರ ದಶಕದಲ್ಲಿಯೇ ಇದರ ಪ್ರಯೋಗ ನಡೆದು, 1972ರಲ್ಲಿ ವಿಎಂ/370 ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಪ್ರಕಟವಾಯಿತು. ಅನಂತರ ಅಗ್ಗದ ಸಣ್ಣ ಗಣಕಗಳು ಬಂದಾಗ ಹಂಚಿಕೊಳ್ಳುವ ಅಗತ್ಯ ಕಡಿಮೆಯಾಯಿತು. ಅವುಗಳ ಸಂಸ್ಕಾರಕಗಳೂ ಈ ಹಂಚಿಕೆಗೆ ಸುಲಭವಾಗಿ ಒಗ್ಗುವಂತಿರಲಿಲ್ಲ. 1998ರಲ್ಲಿ ಸ್ಥಾಪಿತವಾದ ವಿಎಂವೇರ್ ಸಂಸ್ಥೆಯು ಆ ತೊಡಕನ್ನು ತಂತ್ರಾಂಶದ ಚಾತುರ್ಯದಿಂದ ದಾಟಿತು. ಇಂಟೆಲ್ 2005ರಲ್ಲಿಯೂ, ಎ.ಎಂ.ಡಿ. 2006ರಲ್ಲಿಯೂ ಸಂಸ್ಕಾರಕದಲ್ಲಿಯೇ ಇದಕ್ಕೆ ಅನುಕೂಲ ಕಲ್ಪಿಸಿದವು. 2007ರಲ್ಲಿ ಕೆವಿಎಂ ಎಂಬ ವ್ಯವಸ್ಥೆಯು ಲಿನಕ್ಸ್‌ನ ತಿರುಳಿನಲ್ಲಿ ಸೇರ್ಪಡೆಯಾಯಿತು.

ಕಲ್ಪಿತ ಗಣಕದಿಂದ ಇನ್ನೊಂದು ಸೌಲಭ್ಯವೂ ದೊರೆಯಿತು. ಅದು ದುಡಿಯುತ್ತಿರುವಾಗಲೇ ಅದರ ಸ್ಮೃತಿಯನ್ನು ಮತ್ತೊಂದು ಸರ್ವರಿಗೆ ನಕಲು ಮಾಡುತ್ತ, ಅಷ್ಟರಲ್ಲಿ ಬದಲಾದ ಭಾಗಗಳನ್ನು ಪುನಃ ನಕಲು ಮಾಡುತ್ತ, ಕೊನೆಗೆ ಕ್ಷಣಮಾತ್ರ ತಡೆದು ಹೊಸ ಸ್ಥಳದಲ್ಲಿ ಮುಂದುವರಿಸಬಹುದು. ಹೀಗೆ ಗ್ರಾಹಕನ ಅರಿವಿಗೆ ಬಾರದಂತೆಯೇ ಹಳೆಯ ಯಂತ್ರವನ್ನು ನಿಲ್ಲಿಸಿ ದುರಸ್ತಿ ಮಾಡಲು ಸಾಧ್ಯವಾಯಿತು.

ನಿರ್ವಾಹಕನ ಹೊಣೆ

ಆದರೆ ಲಾಭವನ್ನು ಒಂದೆಡೆ ಕೂಡಿಸುವ ಉಪಾಯವು ಅಪಾಯವನ್ನೂ ಅಲ್ಲಿಯೇ ಕೂಡಿಸುತ್ತದೆ. ಹಿಂದೆ ಒಂದು ಸರ್ವರ್ ಕೆಟ್ಟರೆ ಒಂದು ಕೆಲಸ ನಿಲ್ಲುತ್ತಿತ್ತು. ಈಗ ಅದರೊಳಗಿನ ಇಪ್ಪತ್ತು ಕೆಲಸಗಳು ಒಮ್ಮೆಗೇ ನಿಲ್ಲುತ್ತವೆ. ನಾಲ್ಕು ಸಮಾನ ಸರ್ವರುಗಳ ಗುಂಪಿನಲ್ಲಿ ಒಂದು ಕೆಟ್ಟರೆ ಅದರ ಹೊರೆಯನ್ನು ಉಳಿದ ಮೂರು ಹೊರಬೇಕು. ಆದ್ದರಿಂದ ಯಾವುದನ್ನೂ ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬುವಂತಿಲ್ಲ. ಲೆಕ್ಕ ಸರಳವಾದರೂ, ಹೊಸ ಬೇಡಿಕೆಗಳು ಬಂದಂತೆಲ್ಲ ಉಳಿಸಿದ ಕಾಲು ಭಾಗವನ್ನು ಬಳಸಿಬಿಡುವ ಆಸೆ ಪ್ರಬಲವಾಗುತ್ತದೆ. ಎಲ್ಲ ತರಗತಿಗಳೂ ಒಂದೇ ಗಂಟೆಯಲ್ಲಿ ಪ್ರಯೋಗಾಲಯಕ್ಕೆ ಬಂದರೆ ಆಗುವ ಗೊಂದಲವೇ ಆಗ ಇಲ್ಲಿಯೂ ಆಗುವುದು.

ಕಲ್ಪಿತ ಗಣಕವನ್ನು ನಿರ್ಮಿಸಲು ಕೆಲವೇ ನಿಮಿಷಗಳು ಸಾಕು. ಆದುದರಿಂದ ಯಾರಿಗೂ ಬೇಡವಾದ ಗಣಕಗಳು ಕಳೆಯಂತೆ ಬೆಳೆಯುತ್ತವೆ. ಯಾವ ಗಣಕವು ಯಾರದು, ಯಾವ ಕಾರ್ಯಕ್ಕೆ, ಎಂದಿನವರೆಗೆ ಎಂಬ ದಾಖಲೆಯನ್ನಿಟ್ಟು ಕಾಲಕಾಲಕ್ಕೆ ಪರಿಶೀಲಿಸುವುದು ಉತ್ತಮ ನಿರ್ವಾಹಕನ ಲಕ್ಷಣ. ಗಣಕದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟನ್ನು ರಕ್ಷಣಾ ಪ್ರತಿಯೆಂದು ಭ್ರಮಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಅದು ಮೂಲದ ತಟ್ಟೆಯನ್ನೇ ಅವಲಂಬಿಸಿರುವುದರಿಂದ, ಮೂಲವು ನಾಶವಾದರೆ ಅದೂ ನಿಷ್ಪ್ರಯೋಜಕ.

ಈ ಮಾತಿನ ಗಾಂಭೀರ್ಯವನ್ನು ಎರಡು ಘಟನೆಗಳು ಮನಗಾಣಿಸುತ್ತವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಕೇಂದ್ರಕ್ಕೆ ಬೆಂಕಿ ತಗುಲಿ ಒಂದು ಕಟ್ಟಡವು ಪೂರ್ಣವಾಗಿ ಭಸ್ಮವಾಯಿತು. ಜೀವಹಾನಿಯಾಗಲಿಲ್ಲ. ಆದರೆ ರಕ್ಷಣಾ ಪ್ರತಿಯನ್ನೂ ಅದೇ ಆವರಣದಲ್ಲಿರಿಸಿದ್ದ ಗ್ರಾಹಕರಲ್ಲಿ ಹಲವರು ಮೂಲವನ್ನೂ ಪ್ರತಿಯನ್ನೂ ಒಟ್ಟಿಗೆ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರಕಾರಿ ಕೇಂದ್ರದಲ್ಲಿ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಯು ಆರುನೂರಕ್ಕೂ ಹೆಚ್ಚು ಸೇವೆಗಳನ್ನು ನಿಲ್ಲಿಸಿತು. ನೌಕರರು ಕಡತಗಳನ್ನಿಡುತ್ತಿದ್ದ 858 ಟೆರಾಬೈಟಿನ ಸಾಮೂಹಿಕ ಭಂಡಾರವೊಂದಕ್ಕೆ, ಗಾತ್ರವು ದೊಡ್ಡದೆಂಬ ಕಾರಣದಿಂದ, ಹೊರಗೆ ಪ್ರತಿಯೇ ಇರಲಿಲ್ಲ. ಅಲ್ಲಿದ್ದುದು ಬೆಂಕಿಯ ಪಾಲಾಯಿತು.

ಕಲ್ಪಿತವೆಂಬ ಹೆಸರಿನಿಂದ ಮೋಸಹೋಗಬಾರದು ಎಂಬುದೇ ಇವುಗಳ ಪಾಠ. ಕಲ್ಪಿತ ಗಣಕದ ಕೆಳಗೆ ನಿಜವಾದ ಕಬ್ಬಿಣವಿದೆ, ತಂತಿಯಿದೆ, ಬ್ಯಾಟರಿಯಿದೆ, ಅವು ಸುಡುತ್ತವೆ. ಆದುದರಿಂದ ಮುಖ್ಯ ದತ್ತಾಂಶದ ಒಂದು ಪ್ರತಿಯಾದರೂ ಬೇರೊಂದು ಊರಿನಲ್ಲಿರಬೇಕು. ಇದ್ದರಷ್ಟೇ ಸಾಲದು, ಆ ಪ್ರತಿಯಿಂದ ಎಲ್ಲವನ್ನೂ ಮರಳಿ ನಿಲ್ಲಿಸುವ ಅಭ್ಯಾಸವನ್ನು ವರ್ಷದಲ್ಲಿ ಕೆಲವು ಬಾರಿಯಾದರೂ ನಡೆಸಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಬೇಕು. ಎಂದೂ ತೆರೆದು ನೋಡದ ಪ್ರತಿಯನ್ನು ನಂಬುವುದು, ಪರೀಕ್ಷೆಯನ್ನೇ ನಡೆಸದೆ ವಿದ್ಯಾರ್ಥಿಯನ್ನು ತೇರ್ಗಡೆ ಮಾಡಿದಂತೆ.

ಬೆಂಗಳೂರಿನ ಕಚೇರಿಗಳಲ್ಲಿ ಇರುಳೆಲ್ಲ ಎಚ್ಚರವಿದ್ದು ದೂರದೇಶಗಳ ಸರ್ವರುಗಳನ್ನು ಕಾಯುವ ಅನೇಕ ಕನ್ನಡದ ತರುಣ ತರುಣಿಯರಿದ್ದಾರೆ. ಅವರ ದುಡಿಮೆಯು ಸರಿಯಾಗಿ ನಡೆದಾಗ ಯಾರ ಗಮನಕ್ಕೂ ಬಾರದು. ಟಿಕೆಟ್ಟು ದೊರೆಯುತ್ತದೆ, ಶುಲ್ಕ ಸಂದಾಯವಾಗುತ್ತದೆ, ಸಂಬಳ ಕೈಸೇರುತ್ತದೆ. ಹಾಗೆ ಗಮನಕ್ಕೆ ಬಾರದಿರುವುದೇ ಅವರ ಕಾರ್ಯದಕ್ಷತೆಗೆ ಸಾಕ್ಷಿ.